ಬಣ್ಣ ಹಚ್ಚದೆ ಬಿಡಬೇಕಾದ ಜಾಗ

ಹುಬ್ಬಳ್ಳಿಯ ಒಂದು ಓಣಿಯ ಕೊನೆಯ ಮನೆ... ಹಿತ್ತಲಲ್ಲಿ ಒಂದು ತಗಡಿನ ಶೆಡ್.

ಅಲ್ಲಿ ಮಧ್ಯಾಹ್ನದ ಬಿಸಿಲು ದಿನಕ್ಕೊಂದು ಬಣ್ಣದಲ್ಲಿ ತೇಲುತ್ತದೆ. ಒಮ್ಮೆ ಕೆಂಪು, ಒಮ್ಮೆ ಬೆಳ್ಳಿ, ಒಮ್ಮೆ ತಿಳಿ ನೀಲಿ...

ಅದು ಮಾದೇವಿಯ ಲೋಕ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗಿ. ಹಳೆಯ ಕಂಪ್ಯೂಟರುಗಳ ತಗಡಿನ ಸಿಪಿಯು ಡಬ್ಬಿಗಳಿಗೆ ಪೌಡರ್ ಕೋಟಿಂಗ್ ಮಾಡುವುದು ಅವಳ ಕೆಲಸ.

ಗನ್ನಿನಿಂದ ಹಿಟ್ಟಿನಂಥ ಬಣ್ಣ ಮೋಡದ ಹಾಗೆ ಹೊರಡುತ್ತದೆ... ಕರೆಂಟಿನ ಸೆಳೆತಕ್ಕೆ ತಾನಾಗಿಯೇ ಹೋಗಿ ತಗಡನ್ನು ಅಪ್ಪಿಕೊಳ್ಳುತ್ತದೆ.

ಆಮೇಲೆ ಓವನ್ನಿನಲ್ಲಿ ಕಾಯಿಸಿದರೆ ಆ ಹಿಟ್ಟು ಕರಗಿ, ಗಾಳಿಯಾಡದ ಕೆರೆಯ ನೀರಿನಂತೆ ಹೊಳೆಯುತ್ತದೆ.

ಗಿರಾಕಿಗಳ ಜೊತೆ ಮಾತು ಮಾತ್ರ ಅವಳಿಂದಾಗದು. ಅದೆಲ್ಲ ಅವ್ವ ಕಲ್ಲವ್ವನ ಪಾಲು. ಮಾದೇವಿ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಾಳೆ... ಅಷ್ಟೇ.

ಒಂದು ದಿನ ಸೀರೆ ಅಂಗಡಿಯ ಸಾಹುಕಾರರೊಬ್ಬರು ಹಳೆಯ ಕಂಪ್ಯೂಟರ್ ಡಬ್ಬಿ ಹಿಡಿದು ಬಂದರು. ಹಿಂದೆ ಕಾಲೇಜು ಓದುವ ಮಗಳು ತನುಜಾ.

"ಬರ್ರಿ ಸಾಹುಕಾರ್ರ! ಸೀರಿ ಮಾರೋರು ತಗಡು ಹೊತ್ಕೊಂಡು ಬಂದೀರಲ್ಲ!" ಎಂದಳು ಕಲ್ಲವ್ವ.

"ಇದಕ್ಕೂ ಒಂದು ಹೊಸಾ ಸೀರಿ ಉಡಸ್ರಿ ಅಂತ ಬಂದೀನವ್ವಾ!" ಸಾಹುಕಾರರು ದೊಡ್ಡದಾಗಿ ನಕ್ಕರು.

ಮಗಳು ನಗಲಿಲ್ಲ.

ಡಬ್ಬಿಯ ಮಗ್ಗುಲಿಗೆ ಒಂದಷ್ಟು ಟಿಕಳಿಗಳು ಅಂಟಿದ್ದವು... ಯಾರೋ ಹೆಂಗಸು ಕೆಲಸದ ನಡುವೆ ಹಣೆಯಿಂದ ಕಿತ್ತು ಅಂಟಿಸಿದ ಬೊಟ್ಟುಗಳು.

"ನಮ್ಮ ಮನಿಯಾಕಿದು. ಲಗ್ನಪತ್ರಿಕಿ ಡಿಸೈನ್ ಮಾಡ್ತಿದ್ಲು. ಹೋದ ವರ್ಷ ತೀರ್ಕೊಂಡ್ಲು," ಎಂದು ಅವರು ಬೇಗ ಬೇಗ ಹೇಳಿದರು. "ಈಗ ಮಗಳಿಗೆ. ಹಳೇದೊಂದು ಗೆರಿ ಸೈತ ಕಾಣಬಾರ್ದು. ಪೂರಾ ಮುಚ್ಚಿಬಿಡ್ರಿ."

ಮಗಳು ಕಾರಿನ ಕಡೆ ನಡೆದ ಮೇಲೆ ಅವರ ದನಿ ತಗ್ಗಿತು.

"ಆಕಿ ನನ್ನ ಜೋಡಿ ಮಾತೇ ಬಿಟ್ಟಾಳವ್ವಾ... ಕೂಸು ಅಳಬಾರ್ದು ಅಂತ ಫೋಟೋ ತಗದಿಟ್ಟೆ, ಸೀರಿ ಎಲ್ಲಾ ಕೊಟ್ಟುಬಿಟ್ಟೆ, ಮನ್ಯಾಗ ಅವ್ವನ ಹೆಸರು ಎತ್ತಬ್ಯಾಡ ಅಂದೆ. ಇದನ್ನ ಹೊಸದು ಮಾಡಿ ಕೊಟ್ರ, ಒಮ್ಮೆ 'ಅಪ್ಪಾ' ಅಂದಾಳೇನೋ..."

ಮಾದೇವಿ ಬಾಗಿಲ ಮರೆಯಿಂದ ಎಲ್ಲವನ್ನೂ ಕೇಳಿಸಿಕೊಂಡಳು.

ಹಳೆಯ ಬಣ್ಣ ಕೆರೆಯುವ ಮೊದಲು ಟಿಕಳಿಗಳನ್ನು ಉಗುರಿನಿಂದ ಬಿಡಿಸಿದಳು. ಒಗೆಯಲು ಕೈ ಬರಲಿಲ್ಲ... ಒಂದೊಂದಾಗಿ ಶೆಡ್ಡಿನ ಕಿಟಕಿ ಗಾಜಿಗೆ ಅಂಟಿಸಿದಳು.

ಪುಡಿ ಹೊಡೆಯುವಾಗ ಕಿವಿಯಲ್ಲಿ ಅದೇ ಮಾತು... ಪೂರಾ ಮುಚ್ಚಿಬಿಡ್ರಿ... ಪೂರಾ ಮುಚ್ಚಿಬಿಡ್ರಿ...

ಅರ್ಥ್ ತಂತಿ ತಾಗುವ ಜಾಗಕ್ಕೆ ಬಣ್ಣ ಹತ್ತದಂತೆ ಅವಳು ಯಾವಾಗಲೂ ಒಂದು ಚೂರು ಟೇಪ್ ಅಂಟಿಸುತ್ತಿದ್ದಳು. ಅವತ್ತು ಆ ನೀಲಿ ಮೋಡದೊಳಗೆ ನಿಂತವಳು ಅದನ್ನೇ ಮರೆತಳು.

ಡಬ್ಬಿ ಮಾತ್ರ ಆಕಾಶದ ಒಂದು ತುಂಡಿನ ಹಾಗಿತ್ತು!

ಕೆಲವು ದಿನ ಕಳೆದು ಸಾಹುಕಾರರು ಅದೇ ಡಬ್ಬಿ ಹೊತ್ತು ವಾಪಸ್ ಬಂದರು. ಮುಖದಲ್ಲಿ ನಗು ಇರಲಿಲ್ಲ. ಹಿಂದೆ ತನುಜಾ... ಕಲ್ಲವ್ವ ಸಂತೆಗೆ ಹೋಗಿದ್ದಳು.

"ಏನವಾ ಇದು! ಕೈ ಇಟ್ರ ಜುಂ ಅಂತೈತಿ! ಮಗಳಿಗೆ ಏನಾರ ಆಗಿದ್ರ?"

ಮಾದೇವಿ ಡಬ್ಬಿ ಬಿಚ್ಚಿದಳು. ನೋಡಿದ ಕೂಡಲೇ ಗೊತ್ತಾಯಿತು. ಅರ ತೆಗೆದುಕೊಂಡು, ಒಳಗಿನ ಒಂದು ಮೂಲೆಯಲ್ಲಿ ಬಣ್ಣ ಕೆರೆಯತೊಡಗಿದಳು.

"ಅಯ್ಯ... ಇಷ್ಟು ಚಂದ ಬಣ್ಣ! ಯಾಕ ಕೆರೀತಿ?" ಎಂದರು ಸಾಹುಕಾರರು.

ಉತ್ತರ ಕೊಡಲು ಅವ್ವ ಇರಲಿಲ್ಲ, ಅಡಗಲು ಬಾಗಿಲ ಮರೆಯೂ ಇರಲಿಲ್ಲ. ಮಾದೇವಿ ತಲೆ ಎತ್ತದೆಯೇ ಮಾತಾಡಿದಳು...

"ತಪ್ಪು ನಂದರಿ. ಇದು ಅರ್ಥ್ ತಂತಿ ಕೂಡೋ ಜಾಗ, ಇದನ್ನ ಖಾಲಿ ಬಿಡಬೇಕಿತ್ತು. ಪೂರಾ ಮುಚ್ಚಿದ್ರ ಒಳಗಿನ ಕರೆಂಟಿಗೆ ಭೂಮಿಗೆ ಇಳಿಯಾಕ ಹಾದೀನ ಇರೂದಿಲ್ರಿ... ಅಲ್ಲೇ ಕುಂತು, ಮುಟ್ಟಿದೋರಿಗೆ ಜುಂ ಅಂತೈತಿ."

ತನುಜಾ ಕೆರೆದು ಹೊಳೆಯುತ್ತಿದ್ದ ಆ ಮೂಲೆಯನ್ನು ಬಗ್ಗಿ ನೋಡಿದಳು.

"ನಮ್ಮಪ್ಪನೂ ಹಂಗಽ ಅಕ್ಕಾ," ಎಂದಳು ತನುಜಾ ಮೆಲ್ಲಗೆ. "ಅವ್ವನ ಹೆಸರು ಎತ್ತಿದ್ರ ಸಾಕು... ಜುಂ ಅಂತಾನ."

ಆಗಲೇ ಅವಳ ಕಣ್ಣು ಕಿಟಕಿಯ ಮೇಲೆ ಬಿತ್ತು.

ಗಾಜಿನ ತುಂಬ ಟಿಕಳಿಗಳು... ಅವುಗಳ ಪುಟ್ಟ ಪುಟ್ಟ ನೆರಳು ನೆಲದ ಮೇಲೆ.

"ಇವು... ನಮ್ಮವ್ವನವು!"

ಸಾಹುಕಾರರು ಕಿಟಕಿಯ ಹತ್ತಿರ ಬಂದರು. ಒಂದು ಟಿಕಳಿಯನ್ನು ಬೆರಳ ತುದಿಯಿಂದ ಮುಟ್ಟಿದರು.

"ಚಾ ಆರತೈತಿ ಬಾ ಅಂದ್ರ... 'ಇದೊಂದು ಕಾರ್ಡ್ ಮುಗಸೇ ಬಂದೆ' ಅಂತಿದ್ಲು. ಹಣಿ ಬೆವರಿದ್ರ ಟಿಕಳಿ ಕಿತ್ತು ಇದಕ್ಕ ಅಂಟಸಾಕಿ... ಎಷ್ಟು ಬೈತಿದ್ದೆ ನಾನು..."

ಒಂದು ವರ್ಷದಲ್ಲಿ ಹೆಂಡತಿಯ ಬಗ್ಗೆ ಅವರು ಮನಬಿಚ್ಚಿ ಆಡಿದ ಮೊದಲ ಮಾತು ಅದು.

ಅಂಥ ದೊಡ್ಡ ಮನುಷ್ಯ, ಬಣ್ಣದ ಪುಡಿ ಬಿದ್ದ ನೆಲದ ಮೇಲೆಯೇ ಕುಸಿದು ಕೂತು, ಮಕ್ಕಳ ಹಾಗೆ ಅತ್ತುಬಿಟ್ಟರು.

"ನೀ ಅಳಬಾರ್ದು ಅಂತ ಎಲ್ಲಾ ಮುಚ್ಚಿಟ್ಟೆನವ್ವಾ..."

ತನುಜಾ ಅವರ ಪಕ್ಕದಲ್ಲಿ ಕೂತಳು. "ಅಪ್ಪಾ... ನೀ ಅಳಲೇ ಇಲ್ಲಲ್ಲ... ಅವ್ವನ್ನ ಮರತಿ ಅಂತ ಸಿಟ್ಟಿತ್ತು ನನಗ."

ಮಾದೇವಿ ಅತ್ತ ನೋಡಲಿಲ್ಲ. ಹೊಳೆಯುವ ಬರಿ ತಗಡಿಗೆ ತಂತಿ ಕೂಡಿಸಿ, ಸ್ಕ್ರೂ ಬಿಗಿದು, ಡಬ್ಬಿ ಮುಚ್ಚಿದಳು.

ಹೊರಡುವಾಗ ತನುಜಾ ಟಿಕಳಿಗಳನ್ನು ಬಿಡಿಸಿ ಅಪ್ಪನ ಅಂಗೈಗೆ ಒಂದೊಂದಾಗಿ ಅಂಟಿಸಿದಳು. ಅಂಗೈಯಲ್ಲಿ ನೀರು ಒಯ್ಯುವವರಂತೆ, ಅವರು ಕೈ ಚಾಚಿಕೊಂಡೇ ಕಾರಿನವರೆಗೆ ನಡೆದರು.

ಒಂದು ಟಿಕಳಿಯನ್ನು ಅವಳು ಕಿಟಕಿಯಲ್ಲೇ ಬಿಟ್ಟಿದ್ದಳು. "ಅದು ನಿಮಗಿರಲಿ ಅಕ್ಕಾ..."

ಇವತ್ತಿಗೂ ಮಾದೇವಿ ಪುಡಿ ಹೊಡೆಯುವ ಮೊದಲು ಆ ಟಿಕಳಿಯ ಕಡೆ ಒಮ್ಮೆ ನೋಡುತ್ತಾಳೆ... ಆಮೇಲೆ ಒಂದು ಚೂರು ಟೇಪ್ ಹರಿಯುತ್ತಾಳೆ.

ನೋವಿನ ಮೇಲೆ ಎಷ್ಟೇ ಚೆಂದದ ಬಣ್ಣ ಬಳಿಯಿರಿ... ಆ ನೋವು ಇಳಿದುಹೋಗಲು ಒಂದು ಜಾಗ ಖಾಲಿ ಬಿಡಿ.

ನಿಮ್ಮ ಮನೆಯಲ್ಲೂ ಯಾರೂ ಎತ್ತದ ಒಂದು ಹೆಸರು ಇದೆಯೇ? ಇವತ್ತು ಚಹಾ ಕುಡಿಯುತ್ತ ಕೂತಾಗ, ಅದನ್ನು ನೀವೇ ಮೊದಲು ಎತ್ತಬಾರದೇಕೆ...?