ಮಗಳ ಮನೆಯ ಕಡೆಗೆ

ಕಡಲು ಏರಿದ ಮೇಲೆ ಮಲ್ಪೆಯ ಮನೆಗಳೆಲ್ಲ ನೀರಿನ ಮೇಲೆ ತೇಲುತ್ತಿದ್ದವು. ಹಳೆಯ ಕಾರುಗಳ ಎಂಜಿನ್‌ಗಳೇ ಅವನ್ನು ನಡೆಸುತ್ತಿದ್ದವು. ಬೆಳಗಿನ ಗಾಳಿಗೆ ಗುಲಾಬಿಯ ತುಂಬು ಗರ್ಭಿಣಿ ಮಗಳ ಮನೆ ಹಗ್ಗ ಹರಿದುಕೊಂಡು ದೂರ ಸರಿದಾಗ, ತಾಯಿಯ ಮನೆಯ ಎಂಜಿನ್ ಹೊಗೆ ಉಗುಳಿ ನಿಂತುಬಿಟ್ಟಿತ್ತು.

ಗುಲಾಬಿ ಅಡುಗೆಮನೆಯಲ್ಲಿದ್ದ ಎಂಜಿನ್ನಿನ ಬೋಲ್ಟು ಬಿಚ್ಚಿ, ಅದರ ಮೇಲಿನ ಮುಚ್ಚಳವಾದ ಸಿಲಿಂಡರ್ ಹೆಡ್ ಎತ್ತಿದಳು. ಕೆಳಗೆ ಸೋರಿಕೆ ತಡೆಯುವ ತೆಳು ಹಾಳೆ, ಗ್ಯಾಸ್ಕೆಟ್, ಸುಟ್ಟುಹೋಗಿತ್ತು.

“ನಿನ್ನಿಂದ ಆಗ್ತದಾ?” ಗಂಡ ವಾಸು ಕೇಳಿದ.

“ಆಗ್ಲೇಬೇಕಲ್ಲ. ಅವಳು ಒಬ್ಳೇ ಇದ್ದಾಳೆ. ನೀವು ಆ ಬದಿ ಹಿಡೀರಿ.”

ಮಸಿ ಕೆರೆದು, ಹೊಸ ಗ್ಯಾಸ್ಕೆಟ್ ಹಾಸಿ, ಇಬ್ಬರೂ ಹೆಡ್ಡನ್ನು ಮೆಲ್ಲನೆ ಕೂರಿಸಿದರು. ನಡುವಿನಿಂದ ಅಂಚಿಗೆ ಅವಳು ಒಂದೊಂದೇ ಬೋಲ್ಟು ಬಿಗಿದಳು. ಕೀಲಿ ತಿರುಗಿಸಿದಾಗ ಎಂಜಿನ್ ಕೆಮ್ಮಿತು, ಆಮೇಲೆ ಒಂದೇ ಸಮನೆ ಗುಡುಗಿತು. ಮನೆ ನಿಧಾನವಾಗಿ ಮಗಳತ್ತ ತಿರುಗಿತು.

ವಾಸು ಬಚ್ಚಲಿಗೆ ಹೋಗಿ, ಮಗುವಿನ ಮೊದಲ ಸ್ನಾನಕ್ಕೆಂದು ಹಂಡೆ ತುಂಬ ನೀರು ಕಾಯಲಿಟ್ಟ.