ನಾಲ್ಕು ಕಾಲಿನ ಸ್ಟ್ಯಾಂಡ್

"ಏನ್ ಜಹೀರ್ ಭಾಯ್ ಇದು?" ಎಂದು ಕೇಳಿದ ಸರಳಾಗೆ ನಗು ತಡೆಯಲಾಗಲಿಲ್ಲ. ಯಲಹಂಕದ ಜಹೀರನ ವೆಲ್ಡಿಂಗ್ ಅಂಗಡಿಯ ಮುಂದೆ, ಮೈತುಂಬ ಹಸಿರು ಪೇಂಟ್ ಬಳಿಸಿಕೊಂಡು, ನಾಲ್ಕು ದಪ್ಪ ಕಾಲುಗಳ ಕಬ್ಬಿಣದ ಸ್ಟ್ಯಾಂಡೊಂದು ಮದುಮಗನ ಹಾಗೆ ನಿಂತಿತ್ತು.

"ನೀವೇ ಫೋನಲ್ಲಿ ಹೇಳಿದ್ರಲ್ಲ ಮೇಡಂ, ಮೋಟರ್‌ಗೆ ಒಂದು ಸ್ಟ್ಯಾಂಡ್ ಬೇಕು ಅಂತ. ಸಂಪ್ ಪಕ್ಕ ಇಡಿ, ಆನೆ ಬಂದು ಕೂತ್ರೂ ಅಲ್ಲಾಡಲ್ಲ."

"ಅಯ್ಯೋ, ಸಂಪಿನ ಮೋಟರ್ ಅಲ್ಲ ಭಾಯ್, ದೋಣೀದು!"

ಜಹೀರ್ ಒಮ್ಮೆ ಸ್ಟ್ಯಾಂಡನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. "ಅರೆ ಅಲ್ಲಾ! ನಮ್ ಕಡೆ ಮೋಟರ್ ಅಂದ್ರೆ ನೀರು ಮೇಲೆತ್ತೋದು ಮೇಡಂ. ನೀರಲ್ಲಿ ಓಡೋದೂ ಒಂದಿದೆ ಅಂತ ಯಾರಿಗ್ ಹೊಳೆಯುತ್ತೆ?"

ಪಾಪ, ತಪ್ಪು ಅವನದೂ ಅಲ್ಲ. ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿರುವ ಸರಳಾ ಕಾಲೇಜು ದಿನಗಳಲ್ಲಿ ಎನ್‌ಸಿಸಿ ನೌಕಾ ವಿಭಾಗದಲ್ಲಿದ್ದವಳು, ಹಾಯಿದೋಣಿ ನಡೆಸಿದವಳು. ಯಾವುದೋ ಮುಚ್ಚಿಹೋದ ಕ್ಲಬ್ಬಿನ ಹಳೆಯ ಪುಟ್ಟ ಹಾಯಿದೋಣಿಯನ್ನು ತಂದು ಪುಟ್ಟೇನಹಳ್ಳಿಯ ಮನೆ ಮುಂದೆ ನಿಲ್ಲಿಸಿಕೊಂಡಿದ್ದಳು. ದೋಣಿಯೇನೋ ಬಂತು, ಗಂಡ ಹತ್ತಬೇಕಲ್ಲ! ಬಾಲರಾಜ್ ಸ್ಕೂಲ್ ಬಸ್ ಡ್ರೈವರ್. "ಇಂಜಿನ್ ಇಲ್ದಿರೋ ಗಾಡಿ ನಾನ್ ಹತ್ತಲ್ಲ ಕಣೇ. ಗಾಳಿಗೇನ್ ಬ್ರೇಕ್ ಇದ್ಯಾ, ಗೇರ್ ಇದ್ಯಾ?" ಎಂದು ಪಟ್ಟು ಹಿಡಿದಿದ್ದ. ಒಬ್ಬಳೇ ಹೋಗುವುದು ಅವಳಿಗೇನೂ ಕಷ್ಟವಿರಲಿಲ್ಲ. ಆದರೆ ಆ ಸುಖವನ್ನು ಅವನಿಗೊಮ್ಮೆ ತೋರಿಸಬೇಕೆಂಬ ಆಸೆ. ಹಾಗಾಗಿ ದೋಣಿಯ ಜೊತೆಗೇ ಬಂದಿದ್ದ, ಹಿಂಬದಿಗೆ ನೇತುಹಾಕುವ ಸಣ್ಣ ಮೋಟರನ್ನು ರಿಪೇರಿ ಮಾಡಿಸಿದಳು. ನೇತುಹಾಕಲು ಹೋದರೆ, ಅದರ ಭಾರ ಹೊರಬೇಕಾದ ಮರದ ಮೌಂಟ್ ನೆನೆದ ರಸ್ಕಿನಂತೆ ಕೈಯಲ್ಲೇ ಪುಡಿಯಾಯಿತು. ಅದರ ಬದಲಿಗೊಂದು ಬೇಕೆಂದೇ ಅವಳು ಫೋನಿನಲ್ಲಿ 'ಸ್ಟ್ಯಾಂಡ್' ಎಂದಿದ್ದಳು.

ವಿಷಯ ತಿಳಿದ ಜಹೀರ್ ಅಂದು ಸಂಜೆಯೇ ಮನೆಗೆ ಬಂದು ದೋಣಿಯ ಬೆನ್ನು ತಟ್ಟಿ ನೋಡಿದ. "ಫೈಬರ್ರು. ವೆಲ್ಡಿಂಗ್ ಹಿಡಿಯಲ್ಲ, ಬೋಲ್ಟೇ ಗತಿ" ಎಂದ. ಒಳಗೊಂದು ಹೊರಗೊಂದು ಸ್ಟೀಲ್ ಪ್ಲೇಟ್, ನಡುವೆ ರಬ್ಬರ್, ತುಕ್ಕು ಹಿಡಿಯದ ಬೋಲ್ಟು. ಸರಳಾ ಒಳಗೆ ತೂರಿಕೊಂಡು ಸ್ಪ್ಯಾನರ್ ಹಿಡಿದಳು, ಜಹೀರ್ ಹೊರಗಿನಿಂದ ಬಿಗಿದ. ಗೇಟು ಮಾಡಿ ಮಾಡಿ ರೂಢಿಯಾದವನು ಹೊಸ ಮೌಂಟಿಗೂ ಒಂದು ಗೇಟಿನ ಹಿಡಿ ಕೂರಿಸಿಬಿಟ್ಟಿದ್ದ. ಬಾಲರಾಜ್ ಆ ಹಿಡಿಗೆ ಎರಡೂ ಕೈಯಲ್ಲಿ ಜೋತುಬಿದ್ದು ಜಗ್ಗಿ ನೋಡಿದ. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಇನ್ನು ನೆಪ ಹೇಳಲು ಅವನಿಗೆ ಏನೂ ಉಳಿಯಲಿಲ್ಲ.

ಭಾನುವಾರ ಟೆಂಪೋಗೆ ದೋಣಿ ಹೇರಿಕೊಂಡು ರಾಜಾನುಕುಂಟೆ ಆಚೆಯ ಕೆರೆಗೆ ಹೊರಟಾಗ ಪುಣ್ಯಾತ್ಮ ಮನೆಯಿಂದಲೇ ಲೈಫ್ ಜಾಕೆಟ್ ಹಾಕಿಕೊಂಡಿದ್ದ. ದಾರಿಯಲ್ಲಿ ಇಡ್ಲಿ ತಿನ್ನುವಾಗಲೂ ಬಿಚ್ಚಲಿಲ್ಲ. ತನ್ನ ಮೌಂಟ್ ನೋಡಲೆಂದು ಜಹೀರನೂ ಬಂದಿದ್ದ.

"ನೋಡ್ರೀ, ಈ ಕೆಂಪು ದಾರದ ಕ್ಲಿಪ್ ಸಿಕ್ಕಿಸಿದ್ರೇನೇ ಮೋಟರ್ ಓಡೋದು" ಎಂದು ಸರಳಾ ದಾರದ ಇನ್ನೊಂದು ತುದಿಯನ್ನು ಗಂಡನ ಮಣಿಕಟ್ಟಿಗೆ ಕಟ್ಟಿದಳು. "ನೀವೇನಾದ್ರೂ ನೀರಿಗೆ ಬಿದ್ರೆ ಕ್ಲಿಪ್ ಕಿತ್ಕೊಂಡು ತಾನೇ ಆಫ್ ಆಗುತ್ತೆ."

"ಬೆಳಗ್ ಬೆಳಗ್ಗೇನೇ ಬೀಳೋ ಮಾತ್ ಯಾಕೆ!"

ಮೋಟರ್ ಗುರ್ರೆಂದಿತು. ದೋಣಿ ಹೊರಟಿತು. ಹಾರ್ನ್ ಇಲ್ಲವಲ್ಲ ಎಂಬ ಕೊರಗೊಂದು ಬಿಟ್ಟರೆ ಬಾಲರಾಜನಿಗೆ ಸಾಕ್ಷಾತ್ ಬಸ್ಸೇ. ದಡದಿಂದ ಜಹೀರ್, "ಬಾಲಣ್ಣಾ, ಸೂಪರ್! ಅಲ್ಲಾಡ್ತಾನೇ ಇಲ್ಲ!" ಎಂದು ಕೂಗಿದ. ಸರಳಾ ಸುತ್ತಿದ ಹಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಿದ್ದಳು. ಒಳ್ಳೆಯ ಗಾಳಿ ಕೆನ್ನೆ ಸವರಿಕೊಂಡು ಸುಮ್ಮನೆ ಹೋಗುತ್ತಿತ್ತು. ಗಂಡ ಬಂದಿದ್ದಾನಲ್ಲ, ಇಷ್ಟು ಸಾಕು ಎಂದುಕೊಂಡಳು.

ಕೆರೆಯ ನಡುವೆ ಮೋಟರ್ ತಟ್ಟನೆ ನಿಂತಿತು.

ಮುಗೀತು, ಇವನು ಇನ್ನೆಂದೂ ದೋಣಿಯ ತಂಟೆಗೆ ಬರುವುದಿಲ್ಲ! ಸರಳಾ ಹೆದರುತ್ತಲೇ ಹಿಂತಿರುಗಿ ನೋಡಿದಳು. ಬಾಲರಾಜ್ ಮೌಂಟಿನ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದ. "ಏನ್ ನೋಡ್ತಿದ್ದೀಯಾ? ಎತ್ತು ನಿನ್ನ ಹಾಯಿ" ಎಂದ.

ಹಾಯಿ ಏರಿತು, ಗಾಳಿ ತುಂಬಿತು. ದೋಣಿ ಒಂದು ಮಗ್ಗುಲಿಗೆ ವಾಲಿದಾಗ ಬಾಲರಾಜ್ "ಅಯ್ಯಪ್ಪಾ!" ಎಂದು ಕೂಗಿದ. ಈಗ ಮೋಟರಿನ ಗದ್ದಲವಿಲ್ಲ. ನೀರು ದೋಣಿಯ ಪಕ್ಕೆಗೆ ತಾಗುವ ಸಪ್ಪಳವಷ್ಟೇ. ಸ್ವಲ್ಪ ಹೊತ್ತಿಗೆ ಅವನು ಚಿಕ್ಕ ಹುಡುಗನ ಹಾಗೆ ನಗತೊಡಗಿದ. "ಇನ್ನೊಂದ್ ರೌಂಡ್ ಹೊಡಿಯೇ!" ಸರಳಾಗೆ ಖುಷಿಯಿಂದ ಕಣ್ಣು ಮಂಜಾಯಿತು.

ದಡಕ್ಕೆ ಬರುವಷ್ಟರಲ್ಲಿ ಜಹೀರ್ ಮೊಣಕಾಲುದ್ದ ನೀರಿಗಿಳಿದು ನಿಂತಿದ್ದ, ಮುಖ ಸಪ್ಪಗೆ. "ನನ್ ಮೌಂಟ್ ಕೈ ಕೊಡ್ತಾ ಮೇಡಂ?"

ಬೋಲ್ಟುಗಳು ಬಿಗಿಯಾಗಿಯೇ ಇದ್ದವು. ಪೆಟ್ರೋಲ್ ಇತ್ತು. ಕೆಂಪು ದಾರದ ಕ್ಲಿಪ್ ಮಾತ್ರ ಜಾಗದಲ್ಲಿರಲಿಲ್ಲ. ಗಂಡನ ಮಣಿಕಟ್ಟೂ ಬರಿದಾಗಿತ್ತು. ನೋಡಿದರೆ, ದಾರದ ತುದಿ ಅವನ ಪ್ಯಾಂಟಿನ ಜೇಬಿನಿಂದ ಇಣುಕುತ್ತಿತ್ತು.

"ರೀ! ನೀವೇ ಕಿತ್ತಿದ್ದಾ?"

"ಮತ್ತಿನ್ನೇನ್ ಮಾಡ್ಲಿ? ನೀನ್ ಆ ಹಾಯೀನ ಮಗು ಮಲಗಿಸ್ಕೊಂಡಂಗೆ ತೊಡೆ ಮೇಲ್ ಇಟ್ಕೊಂಡಿದ್ದೆ. ನೋಡಕ್ಕಾಗ್ಲಿಲ್ಲ" ಎಂದ ಬಾಲರಾಜ್. ಆಮೇಲೆ ಅವಳ ಮುಖ ನೋಡಲು ನಾಚಿ ಜಹೀರನ ಕಡೆ ತಿರುಗಿದ. "ಭಾಯ್, ಆ ನಾಲ್ಕು ಕಾಲಿನ ಸ್ಟ್ಯಾಂಡ್ ಇನ್ನೂ ಇದೆ ತಾನೇ? ಮನೆಗೆ ಕಳಿಸ್ಕೊಡಿ. ಮುಂದಿನ ಭಾನುವಾರದಿಂದ ಮೋಟರ್ ಅದ್ರ ಮೇಲೇ ಕೂತಿರ್ಲಿ."