ನೂರನೇ ಆವೃತ್ತಿ

ಭಾರ್ಗವ ಮತ್ತು ಶಾಂಭವಿ ಗಂಡ ಹೆಂಡತಿ. ಅವನ ಕಂಪನಿಯೂ ಅವಳ ಕಂಪನಿಯೂ ಬ್ರೌಸರ್ ತಯಾರಿಸುತ್ತಿದ್ದವು. ಆವೃತ್ತಿಯ ಸಂಖ್ಯೆ ಯಾರದು ದೊಡ್ಡದೋ ಅವರದೇ ಹೊಸದು ಎಂದು ಜನ ನಂಬುತ್ತಿದ್ದುದರಿಂದ, ಸಂಖ್ಯೆ ಏರಿಸಲು ಎರಡೂ ಕಡೆ ಪೈಪೋಟಿ ನಡೆದಿತ್ತು.

ಒಂದು ದಿನ ಊಟಕ್ಕೆ ಕೂತಾಗ ಶಾಂಭವಿ ಮೆಲ್ಲಗೆ ಹೇಳಿದಳು. "ಸೋಮವಾರ ನಾವು ಎಂಬತ್ತರಿಂದ ನೇರ ನೂರಕ್ಕೆ ಹಾರ್ತೀವಿ ರೀ. ಯಾರಿಗೂ ಹೇಳ್ಬೇಡಿ, ನನ್ನ ಕೆಲಸ ಹೋಗುತ್ತೆ."

"ಛೆ, ನಾನು ಹೇಳ್ತೀನಾ?" ಎಂದ ಭಾರ್ಗವ.

ಮರುದಿನ ಬೆಳಿಗ್ಗೆಯೇ ಅದನ್ನು ತನ್ನ ಬಾಸ್ ಕಿವಿಗೆ ಹಾಕಿದ. ಹೆಂಡತಿಯ ಮುಖ ಕಣ್ಮುಂದೆ ಬಂತು. ಅವಳಿಗೆ ಬೇರೆ ಕೆಲಸ ಸಿಕ್ಕೀತು ಎಂದು ಸಮಾಧಾನ ಮಾಡಿಕೊಂಡ. ಶುಕ್ರವಾರವೇ ಭಾರ್ಗವನ ಕಂಪನಿಯ ನೂರನೇ ಆವೃತ್ತಿ ಹೊರಬಿತ್ತು. ಬಾಸ್ ಬೆನ್ನು ತಟ್ಟಿ, ಬಡ್ತಿಯ ಮಾತಾಡಿದರು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ತಲೆಕೆಳಗಾಯಿತು. ಬ್ಯಾಂಕು, ರೈಲು ಟಿಕೆಟಿನ ಹಳೆಯ ವೆಬ್‌ಸೈಟುಗಳಿಗೆ ಆವೃತ್ತಿಯ ಮೊದಲ ಎರಡಂಕಿ ಮಾತ್ರ ಓದಲು ಬರುತ್ತಿತ್ತು. ನೂರನ್ನು ಹತ್ತು ಎಂದು ಓದಿ, ಇದು ಓಬೀರಾಯನ ಕಾಲದ ಬ್ರೌಸರ್ ಎಂದು ಬಾಗಿಲು ಹಾಕಿಕೊಂಡವು. ಲಕ್ಷಾಂತರ ಜನ ಬೈಯತೊಡಗಿದರು. ತಪ್ಪೆಲ್ಲ ಭಾರ್ಗವನ ತಲೆಗೆ ಬಂತು. ಸಂಜೆಗೆ ಗುರುತಿನ ಚೀಟಿ ಕಸಿದು ಅವನನ್ನು ಹೊರಗೆ ಕಳಿಸಿದರು.

ಮನೆಗೆ ಬಂದವನು ಎಲ್ಲ ಒಪ್ಪಿಕೊಂಡು ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತ.

"ನಿಮ್ಮವರಾದ್ರೂ ಬಚಾವಾದ್ರು ಬಿಡು. ಸೋಮವಾರ ನಿಮಗೂ ಇದೇ ಗತಿ ಆಗ್ತಿತ್ತು."

ಶಾಂಭವಿ ಅವನ ಕೂದಲಲ್ಲಿ ಬೆರಳಾಡಿಸಿದಳು.

"ನೂರು ಅಂದ್ರೆ ಹೀಗಾಗುತ್ತೆ ಅಂತ ಪರೀಕ್ಷೆ ಮಾಡಿದಾಗಲೇ ನಮಗೆ ಗೊತ್ತಾಗಿತ್ತು ರೀ. 'ನಿಮ್ಮ ಗಂಡನಿಗೆ ಹೇಳಿ, ಅಷ್ಟೇ ಸಾಕು' ಅಂದ್ರು ನಮ್ಮ ಬಾಸ್."